ಕೊಡಚಾದ್ರಿಯ ಸಿಗ್ನಲ್ ಕಲ್ಲು

"ಎರಡು ದಿನ ಫೋನಿನ ಕಾಟವಿಲ್ಲದ ಜಾಗಕ್ಕೆ ಹೋಗಿ ಬರೋಣ" ಎಂದು ಹೊರಡಿಸಿದವರು ನಮ್ಮ ಶಾಲೆಯ ಡ್ರಿಲ್ ಮೇಷ್ಟರು. ಕಳೆದ ಡಿಸೆಂಬರಿನ ಕ್ರಿಸ್‌ಮಸ್ ರಜೆ. ಬೆಂಗಳೂರಿನಿಂದ ಮಗಳೂ ಬಂದಿದ್ದಳು. ಡ್ರಿಲ್ ಮೇಷ್ಟರಿಗೆ ಐವತ್ತೇಳು, ನನಗೆ ಐವತ್ತೈದು, ಮಗಳಿಗೆ ಇಪ್ಪತ್ತಾರು. ಮೂವರಲ್ಲಿ ಹೆಚ್ಚು ಗಟ್ಟಿಗರು ತಾವೇ ಎಂಬುದು ಡ್ರಿಲ್ ಮೇಷ್ಟರ ನಂಬಿಕೆ. ಇಪ್ಪತ್ತೆಂಟು ವರ್ಷ ಶಾಲೆಯ ಮೈದಾನದಲ್ಲಿ ಪೀಪಿ ಊದಿದವರ ಮಾತಿಗೆ ಎದುರಾಡುವುದು ಹೇಗೆ? ಕೊಡಚಾದ್ರಿ ಎಂದು ತೀರ್ಮಾನವಾಯಿತು.

ಶಿವಮೊಗ್ಗದಿಂದ ರಿಪ್ಪನ್‌ಪೇಟೆ, ಹೊಸನಗರ ದಾಟಿ ಬಸ್ಸು ನಗರಕ್ಕೆ ಬಂದಾಗ ಹೊತ್ತು ಏರಿತ್ತು. ಇದು ಕೆಳದಿ ಅರಸರ ಬಿದನೂರು. ರಸ್ತೆಯ ಪಕ್ಕದಲ್ಲೇ ಕೋಟೆ. ಒಂದು ಕಾಲಕ್ಕೆ ಮೆಣಸು, ಅಕ್ಕಿಯ ವ್ಯಾಪಾರದಿಂದ ಗಿಜಿಗುಡುತ್ತಿದ್ದ ಪಟ್ಟಣ ಈಗ ಬಸ್ಸು ನಿಂತಾಗ ಮಾತ್ರ ಎಚ್ಚರಗೊಳ್ಳುತ್ತದೆ. ಸುತ್ತಮುತ್ತಲ ಸೀಮೆಯ ಎಷ್ಟೋ ಗದ್ದೆ ತೋಟಗಳು ಜಲಾಶಯಗಳಲ್ಲಿ ಮುಳುಗಿವೆ. ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರು ಹೋಗುವುದೂ ಲಿಂಗನಮಕ್ಕಿಗೇ. ನಾಡಿಗೆಲ್ಲ ವಿದ್ಯುತ್ತು ಕೊಟ್ಟ ಸೀಮೆ ಇದು. ಇಲ್ಲಿಂದ ಮುಂದೆ ನಿಟ್ಟೂರು, ಸಂಪೆಕಟ್ಟೆ ಎಂದು ಸಾಗಿದಂತೆ ನನ್ನ ಫೋನಿನ ತಲೆಯ ಮೇಲಿದ್ದ ಗೀಟುಗಳು ಒಂದೊಂದಾಗಿ ಉದುರಿ, ಕೊನೆಗೆ "ಸೇವೆ ಇಲ್ಲ" ಎಂಬ ಎರಡು ಪದ ಉಳಿದವು. ಡ್ರಿಲ್ ಮೇಷ್ಟರು ಸಂತೋಷದಿಂದ ಕೈ ಉಜ್ಜಿಕೊಂಡರು.

ಕಟ್ಟಿನಹೊಳೆಯಿಂದ ಮೇಲಕ್ಕೆ ಜೀಪು. ಸುಮಾರು ಹತ್ತು ಕಿಲೋಮೀಟರಿಗೆ ಒಂದು ಗಂಟೆ ಬೇಕು ಎಂದರೆ ಆ ದಾರಿ ಹೇಗಿದ್ದೀತು ನೋಡಿ. ಜೀಪು ಒಂದು ಕಡೆಯ ಗಾಲಿಯನ್ನು ಕೊರಕಲಿಗೆ ಇಳಿಸಿ, ಇನ್ನೊಂದನ್ನು ಬಂಡೆಗೆ ಹತ್ತಿಸಿ, ಏದುಸಿರು ಬಿಡುತ್ತ ಏರುತ್ತದೆ. ಡ್ರೈವರು ಮೂವತ್ತರ ಹುಡುಗ, ಅಲ್ಲೇ ಹತ್ತಿರದ ಹಳ್ಳಿಯವನು. ಒಂದು ತಿರುವಿನಲ್ಲಿ ಗಾಡಿ ನಿಧಾನ ಮಾಡಿ, ಕೈ ಹೊರಗೆ ಚಾಚಿ, "ಇಲ್ಲಿ ಎರಡು ನಿಮಿಷ ಸಿಗ್ನಲ್ ಬರ್ತದೆ ಸಾರ್, ಮನೆಗೆ ಹೇಳೋದಿದ್ರೆ ಹೇಳಿ" ಎಂದ. ಯಾವ ಮರದ ಕೆಳಗೆ ಯಾವ ಕಂಪನಿ, ಯಾವ ಬಂಡೆಯ ಮೇಲೆ ಯಾವುದು ಎಂಬುದೆಲ್ಲ ಇವರಿಗೆ ಬಾಯಿಪಾಠ. ಕೊರೊನಾ ಕಾಲದಲ್ಲಿ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಕೂತದ್ದನ್ನು ನೀವೂ ಪತ್ರಿಕೆಗಳಲ್ಲಿ ನೋಡಿದ್ದೀರಿ. 2021ರಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಜನ "ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ" ಎಂದು ಬೋರ್ಡು ಹಿಡಿದದ್ದೂ ಈ ಸೀಮೆಯಲ್ಲೇ.

ಜೀಪು ನಿಲ್ಲುವಲ್ಲಿ ಮೂಲ ಮೂಕಾಂಬಿಕೆಯ ಗುಡಿ, ಅದರ ಎದುರು ಆ ಪ್ರಸಿದ್ಧ ಕಬ್ಬಿಣದ ಕಂಬ, ಭಟ್ಟರ ಮನೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಕಾಲ್ನಡಿಗೆ. ಹುಲ್ಲುಗಾವಲಿನ ನೆತ್ತಿ, ಮಡಿಕೆ ಮಡಿಕೆಯಲ್ಲಿ ಶೋಲಾ ಕಾಡು. ತುದಿಯಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿದರು ಎಂದು ನಂಬುವ ಕಲ್ಲಿನ ಪುಟ್ಟ ಮಂಟಪ. ಎತ್ತರ 1,343 ಮೀಟರ್. ಪಶ್ಚಿಮಕ್ಕೆ ನೆಲವೇ ಕಡಿದು ಹೋದಂತಿದೆ. ಕೆಳಗೆ ಕೊಲ್ಲೂರಿನ ಕಾಡು, ಆಚೆಗೆ ಕರಾವಳಿಯ ತೆಂಗಿನ ಪಟ್ಟಿ, ಅದರಾಚೆ ಬೆಳ್ಳಿಯ ಗೆರೆಯಾಗಿ ಅರಬ್ಬೀ ಸಮುದ್ರ. ವಿಜ್ಞಾನದ ಮೇಷ್ಟರ ಚಟ, ಅಲ್ಲಿ ನಿಂತೇ ಲೆಕ್ಕ ಹಾಕಿದೆ. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 131 ಬಂತು. "ಅಪ್ಪ, ಇಲ್ಲೂ ಬಿಡಲ್ವಾ?" ಎಂದು ಮಗಳು ನಕ್ಕಳು.

ಪೀಠದಿಂದ ಕೆಳಗೆ ಕಡಿದಾದ ಜಾಡಿನಲ್ಲಿ ಇಳಿದರೆ ಚಿತ್ರಮೂಲ. ಬಂಡೆಯ ಪೊಟರೆಯಲ್ಲಿ ಗುಡಿ, ತೊಟ್ಟಿಕ್ಕುವ ನೀರು. ನಾನು ಮೊಣಕಾಲಿನ ನೆಪ ಹೇಳಿ ಹಿಂದೆ ಬಿದ್ದೆ. ಡ್ರಿಲ್ ಮೇಷ್ಟರು ಹಾಡು ಗುನುಗುತ್ತ ಮುಂದೆ ಇಳಿದರು. ಐದು ನಿಮಿಷವಾಗಿರಬಹುದು, ಮಗಳ ಕೂಗು ಕೇಳಿಸಿತು. ಒದ್ದೆ ಬೇರಿನ ಮೇಲೆ ಕಾಲಿಟ್ಟು ಜಾರಿದ್ದರು. ನಾನು ಹೋಗಿ ನೋಡುವಾಗ ಬಂಡೆಗೆ ಒರಗಿ ಕೂತಿದ್ದರು. ಮುಖ ಬೂದಿಯಾಗಿತ್ತು. ಎಡಗಾಲಿನ ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ತಲೆಗೂ ಪೆಟ್ಟಾಗಿ ಕಿವಿಯ ಹಿಂದೆ ರಕ್ತ ಇಳಿಯುತ್ತಿತ್ತು. "ಏನಿಲ್ಲ, ಏನಿಲ್ಲ" ಎನ್ನುತ್ತಲೇ ಎರಡು ಸಲ ವಾಂತಿ ಮಾಡಿದರು. ತಲೆಗೆ ಪೆಟ್ಟು ಬಿದ್ದವರು ವಾಂತಿ ಮಾಡಿದರೆ ತಡಮಾಡಬಾರದು ಎಂದು ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಮಕ್ಕಳಿಗೆ ಹೇಳಿದವನು ನಾನೇ. ನನ್ನ ಕೈ ನಡುಗತೊಡಗಿತು.

ಮಗಳ ಫೋನು ಜೀಪಿನಲ್ಲಿ ಚಾರ್ಜಿಗೆ ಬಿದ್ದಿತ್ತು. ಅವಳ ಮಣಿಕಟ್ಟಿನಲ್ಲಿ ಹೊಸ ಮಾದರಿಯ ಗಡಿಯಾರ, ಅದರೊಳಗೇ ಸಿಮ್ಮು. ಫೋನು ಜೊತೆಗಿಲ್ಲದಿದ್ದರೂ ಅದರಿಂದಲೇ ಮಾತಾಡಬಹುದು. ಅವಳು ಅದನ್ನು ಒತ್ತಿದಳು, ಬಾಯಿಯ ಹತ್ತಿರ ಹಿಡಿದಳು, ಮತ್ತೆ ಒತ್ತಿದಳು. ಸಂಪರ್ಕವಿಲ್ಲ. ನನ್ನ ಫೋನು "ಸೇವೆ ಇಲ್ಲ" ಎನ್ನುತ್ತಿತ್ತು. ಡ್ರಿಲ್ ಮೇಷ್ಟರ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ರೀಚಾರ್ಜು ಮುಗಿದು ಎಂಟು ದಿನವಾಗಿತ್ತು, ರಜೆ ಮುಗಿದ ಮೇಲೆ ಹಾಕಿಸಿದರಾಯಿತು ಎಂದು ಬಿಟ್ಟಿದ್ದರು. ಅವರ ಜೊತೆ ಮಗಳನ್ನು ಕೂರಿಸಿ, ಎರಡು ಫೋನೂ ಹಿಡಿದು ನಾನು ಪೀಠದ ಕಡೆಗೆ ಹತ್ತಿದೆ. ಆವಾಗ ಮೊಣಕಾಲು ನೆನಪಾಗಲಿಲ್ಲ.

ಮಂಟಪದ ಪಕ್ಕದ ಬಂಡೆಯ ಮೇಲೆ ನಿಂತಾಗ ಪರದೆಯ ಅಕ್ಷರ ಬದಲಾಯಿತು. "ತುರ್ತು ಕರೆಗಳು ಮಾತ್ರ." ಈ ಸಾಲನ್ನು ವರ್ಷಗಟ್ಟಲೆ ನೋಡಿದ್ದೇನೆ. ಅದು ನೆಟ್‌ವರ್ಕ್ ಇಲ್ಲ ಎಂಬುದನ್ನೇ ಇನ್ನೊಂದು ಬಗೆಯಲ್ಲಿ ಹೇಳುವ ಮಾತು ಎಂದು ತಿಳಿದಿದ್ದೆ. ಬಿಎಸ್ಸಿ ಓದಿದವನ ತಿಳಿವಳಿಕೆ! 108 ಒತ್ತಿದೆ. ಕರೆ ವಿಫಲ. ಮತ್ತೆ ಒತ್ತಿದೆ. ವಿಫಲ. ಕೆಳಗಿನಿಂದ ಮಗಳು ಕೂಗಿದಳು: "ಅಪ್ಪ, ಏನಂತ ತೋರಿಸ್ತಿದೆ?" ಹೇಳಿದೆ. "ಹಾಗಾದ್ರೆ 108 ಬೇಡ, 112 ಒತ್ತು!" ಒತ್ತಿದೆ. ಎರಡು ಸಲ ಗಂಟೆ ಹೊಡೆದು ಒಬ್ಬ ಹೆಣ್ಣುಮಗಳ ದನಿ ಕೇಳಿಸಿತು. ನನಗೆ ಗಂಟಲು ಕಟ್ಟಿ ಕ್ಷಣಕಾಲ ಮಾತೇ ಹೊರಡಲಿಲ್ಲ.

ಇದು ಹೇಗಾಯಿತು ಎಂಬುದನ್ನು ಆಮೇಲೆ ಮಗಳಿಂದ ಪಾಠ ಹೇಳಿಸಿಕೊಂಡೆ. ಅವಳ ಕೆಲಸ ಮೊಬೈಲ್ ಟವರುಗಳ ಒಳಗಿನ ಪ್ರೋಗ್ರಾಂ ಬರೆಯುವುದು. ಇಷ್ಟು ದಿನ ಅದೇನೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. "ಸೇವೆ ಇಲ್ಲ" ಎಂದರೆ ಯಾವ ಟವರೂ ಕಿವಿಗೆ ಬೀಳುತ್ತಿಲ್ಲ ಎಂದರ್ಥ. "ತುರ್ತು ಕರೆಗಳು ಮಾತ್ರ" ಎಂದರೆ ಟವರ್ ಇದೆ, ಆದರೆ ಅದು ನಮ್ಮ ಕಂಪನಿಯದಲ್ಲ, ಅಥವಾ ಬೇರೆ ಕಾರಣಕ್ಕೆ ನಮ್ಮನ್ನು ಒಳಗೆ ಸೇರಿಸಿಕೊಂಡಿಲ್ಲ. ಬೇರೆಯವರ ಮನೆಯ ಜಗುಲಿಯ ಮೇಲೆ ನಿಂತಿದ್ದೇವೆ ಅನ್ನಿ. ಊಟಕ್ಕೆ ಕರೆಯುವುದಿಲ್ಲ, ಆದರೆ ಹಾವು ಕಚ್ಚಿದೆ ಎಂದು ಕೂಗಿದರೆ ಬಾಗಿಲು ತೆರೆಯಬೇಕು. ಮೊಬೈಲಿನ ನಿಯಮ ಬರೆದವರು ಎರಡನೇ ತಲೆಮಾರಿನ ಕಾಲದಲ್ಲೇ ಈ ಮರ್ಯಾದೆಯನ್ನು ಸೇರಿಸಿದ್ದಾರೆ.

ಆದರೆ ಹಾವು ಕಚ್ಚಿದೆ ಎಂಬುದನ್ನು ಸರಿಯಾದ ಮಾತಿನಲ್ಲಿ ಹೇಳಬೇಕು. 112 ಮತ್ತು 911, ಈ ಎರಡು ಸಂಖ್ಯೆಗಳನ್ನು ಜಗತ್ತಿನ ಯಾವ ಮೊಬೈಲಾದರೂ ತುರ್ತು ಸಂಖ್ಯೆ ಎಂದು ತಾನಾಗಿ ಗುರುತಿಸುತ್ತದೆ. ಒತ್ತಿದ ಕೂಡಲೇ ಅದು ಮಾಮೂಲಿ ಕರೆಯ ದಾರಿ ಬಿಟ್ಟು ತುರ್ತು ದಾರಿ ಹಿಡಿಯುತ್ತದೆ, ಸಿಕ್ಕ ಟವರಿನ ಬಾಗಿಲು ಬಡಿಯುತ್ತದೆ. 108 ಹಾಗಲ್ಲ. ಅದನ್ನು ಸಿಮ್ಮಿನಲ್ಲೋ ಫೋನಿನಲ್ಲೋ ತುರ್ತು ಸಂಖ್ಯೆಗಳ ಪಟ್ಟಿಯಲ್ಲಿ ಬರೆದಿದ್ದರೆ ಸರಿ, ಇಲ್ಲವಾದರೆ ಫೋನಿನ ಪಾಲಿಗೆ ಅದು ಸೋದರಮಾವನ ನಂಬರಿನಂತೆಯೇ ಒಂದು ನಂಬರು. ನಮ್ಮ ರಾಜ್ಯದಲ್ಲಿ 108 ಬಂದದ್ದು 2008ರಲ್ಲಿ, ಎಷ್ಟೋ ಜೀವ ಉಳಿಸಿದೆ, ಮಕ್ಕಳಿಗೂ ಗೊತ್ತು. 112 ನಮ್ಮ ದೇಶದಲ್ಲಿ 2018ರ ಕೊನೆಗೆ ಹಿಮಾಚಲ ಪ್ರದೇಶದಿಂದ ಶುರುವಾಗಿ ಆಮೇಲೆ ಉಳಿದೆಡೆಗೆ ಹಬ್ಬಿದ್ದು. ಹಳ್ಳಿಯ ಗೋಡೆಗಳ ಮೇಲೆ 108 ಇದ್ದಷ್ಟು 112 ಇನ್ನೂ ಕಾಣುವುದಿಲ್ಲ.

ಫೋನಿನಲ್ಲಿದ್ದ ಆ ಹೆಣ್ಣುಮಗಳು "ಸರ್, ನೀವು ಉಡುಪಿ ಜಿಲ್ಲೆಯಲ್ಲಿದ್ದೀರಾ?" ಎಂದು ಕೇಳಿದರು. ಇಲ್ಲ, ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು ಎಂದೆ. ಅವರದೂ ತಪ್ಪಲ್ಲ. ನನ್ನ ಕರೆಯನ್ನು ಎತ್ತಿಕೊಂಡ ಟವರು ಘಟ್ಟದ ಕೆಳಗೆ ಕರಾವಳಿಯಲ್ಲೆಲ್ಲೋ ಇದ್ದದ್ದು. ಬೆಟ್ಟದ ನೆತ್ತಿಗೆ ಅದು ನೇರ ಕಾಣುತ್ತದೆ, ನಮ್ಮದೇ ತಾಲ್ಲೂಕಿನ ಟವರು ಗುಡ್ಡದ ಮರೆಯಲ್ಲಿ. ರೇಡಿಯೋ ಅಲೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಹಳೆಯ ಎರಡನೇ ತಲೆಮಾರಿನ ವ್ಯವಸ್ಥೆಯಲ್ಲಿ ಒಂದು ಟವರಿಗೆ ಸಾಮಾನ್ಯವಾಗಿ 35 ಕಿಲೋಮೀಟರಿನಾಚೆಯ ಫೋನಿನೊಂದಿಗೆ ಮಾತಾಡಲು ಆಗುವುದಿಲ್ಲ. ಅಲೆಗೆ ಶಕ್ತಿ ಸಾಲದೆ ಅಲ್ಲ, ಹೋಗಿ ಬರುವ ಸಮಯದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಸಮುದ್ರ ಇಲ್ಲಿಂದ ಅದಕ್ಕಿಂತ ಹತ್ತಿರ. ಆ ದಿನ ನಮ್ಮ ಪುಣ್ಯ ಈ ಭೂಗೋಳದಲ್ಲಿತ್ತು.

ಕೊನೆಗೆ ಜಾಗ ಅರ್ಥವಾಗಿ, ಆಂಬುಲೆನ್ಸ್ ಕಟ್ಟಿನಹೊಳೆಯವರೆಗೆ ಬರುವುದೆಂದು ಗೊತ್ತಾಯಿತು. ಅದಕ್ಕೂ ಮೇಲೆ ಅದು ಏರುವಂತಿಲ್ಲ. "ಬೇಕಾದರೆ ನಾವೇ ವಾಪಸ್ ಕರೆ ಮಾಡ್ತೀವಿ ಸರ್" ಎಂದರು. ಫೋನು ಇಟ್ಟ ಮೇಲೆ ನನಗೆ ಹೊಳೆಯಿತು, ಅವರು ಮಾಡಲಾರರು. ಜಗುಲಿಯ ಮೇಲೆ ನಿಂತವನ ಹೆಸರು ಆ ಮನೆಯ ಲೆಕ್ಕದಲ್ಲಿಲ್ಲವಲ್ಲ. ಕರೆ ಹೋಗುತ್ತದೆ, ಬರುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ನಾನೇ ಮತ್ತೆ ಮಾಡಬೇಕಾಯಿತು. ಅಷ್ಟರಲ್ಲಿ ನನ್ನ ಫೋನು ಸತ್ತಿತ್ತು. ಡ್ರಿಲ್ ಮೇಷ್ಟರ ಗುಂಡಿ ಫೋನಿನಲ್ಲಿ ಒತ್ತಿದೆ. ರೀಚಾರ್ಜ್ ಇಲ್ಲದ, ಹೊರಹೋಗುವ ಕರೆ ನಿಂತುಹೋದ ಫೋನು. ಹೋಯಿತು! ತಾತ್ಕಾಲಿಕವಾಗಿ ಕರೆ ನಿಲ್ಲಿಸಿದ ಸಿಮ್ಮಿನಿಂದಲೂ ತುರ್ತು ಕರೆ ಹೋಗಬೇಕೆಂಬುದು ನಮ್ಮಲ್ಲಿ 112ರ ಏರ್ಪಾಡಿನಲ್ಲೇ ಇರುವ ಮಾತು. 2017ರ ಜನವರಿಯಿಂದ ಮಾರಾಟವಾಗುವ ಇಂಥ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಅದುಮಿ ಹಿಡಿದರೂ ಆಯಿತು ಎಂಬ ನಿಯಮವಿದೆ. ಮನೆಯಲ್ಲಿ ವಯಸ್ಸಾದವರು ಅಂಥ ಫೋನು ಇಟ್ಟುಕೊಂಡಿದ್ದರೆ ಹೇಳಿಕೊಡಿ.

ಎಲ್ಲ ದೇಶವೂ ಇಷ್ಟು ಉದಾರವಲ್ಲ. ಲೋಕದ ಮೊದಲ ತುರ್ತು ಸಂಖ್ಯೆ, 1937ರ 999, ಹುಟ್ಟಿದ್ದು ಲಂಡನ್ನಿನಲ್ಲಿ. ಅದೇ ಬ್ರಿಟನ್ನಿನಲ್ಲಿ 2009ರವರೆಗೆ ಒಂದು ಕಂಪನಿಯ ಗಿರಾಕಿ ಇನ್ನೊಂದರ ಟವರಿನಿಂದ ತುರ್ತು ಕರೆ ಮಾಡುವಂತಿರಲಿಲ್ಲ. ಸಿಮ್ಮೇ ಇಲ್ಲದ ಫೋನಿನ ತುರ್ತು ಕರೆ ಅಲ್ಲಿ ಹೋಗುವುದಿಲ್ಲ. ಜರ್ಮನಿಯೂ 2009ರಲ್ಲಿ ಅದನ್ನು ನಿಲ್ಲಿಸಿತು. ತಮಾಷೆಗೆ ಕರೆ ಮಾಡುವವರ ಕಾಟ ಅಷ್ಟಿತ್ತಂತೆ.

ಕಾಯುವ ಹೊತ್ತಿನಲ್ಲಿ ಡ್ರೈವರು ಇನ್ನೂ ಮೂವರು ಜೀಪಿನವರನ್ನು ಕರೆದುಕೊಂಡು ಬಂದಿದ್ದ. ಎರಡು ಗಳ, ಒಂದು ಕಂಬಳಿ. ಹತ್ತು ನಿಮಿಷದಲ್ಲಿ ಡೋಲಿ ತಯಾರಾಯಿತು. ಆ ಹುಡುಗರ ಕೈಚಳಕ ನೋಡಿದರೆ ಇದು ಮೊದಲ ಸಲವಲ್ಲ ಎಂದು ತಿಳಿಯುತ್ತಿತ್ತು. ಡ್ರಿಲ್ ಮೇಷ್ಟರು ಆ ಸ್ಥಿತಿಯಲ್ಲೂ "ಎಡ, ಬಲ, ಎಡ, ಬಲ" ಎಂದು ಅವರ ಹೆಜ್ಜೆ ಸರಿಮಾಡಲು ನೋಡಿದರು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಹಾದಿಯುದ್ದಕ್ಕೂ ಮಗಳು ಮಾತಾಡಲಿಲ್ಲ. ಜೀಪಿನಲ್ಲಿ ಕೂತ ಮೇಲೆ ಗಡಿಯಾರವನ್ನು ಬಿಚ್ಚಿ ಕೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಇಪ್ಪತ್ತು ಸಾವಿರದ ವಸ್ತು. ಬಿದ್ದರೆ ತಾನೇ ಗುರುತಿಸಿ ಕರೆ ಮಾಡುತ್ತದೆ ಎಂದು ಅದರ ಡಬ್ಬಿಯ ಮೇಲೆ ಬರೆದಿದೆ. ನನಗೂ ಒಂದು ಕೊಡಿಸಬೇಕೆಂದಿದ್ದಳು. "ಇದರ ಆಂಟೆನಾ ನಿನ್ನ ಕಿರುಬೆರಳಿನಷ್ಟೂ ಇಲ್ಲ ಅಪ್ಪ, ಹಳೇ ಫೋನಿಗೆ ಕೇಳಿಸೋದು ಇದಕ್ಕೆ ಕೇಳಿಸಲ್ಲ" ಎಂದಳು. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಅದನ್ನು ಹಿಡಿಯಲು ಗಡಿಯಾರದಲ್ಲಿ ಜಾಗವೆಲ್ಲಿದೆ? ಅದು ಭೌತಶಾಸ್ತ್ರ, ನನಗೆ ತಿಳಿಯುತ್ತದೆ.

ಆಮೇಲೆ ಅವಳು ಹೇಳಿದ್ದು ಮಾತ್ರ ನನಗೆ ಹೊಸದು. ಐದನೇ ತಲೆಮಾರಿನ ಮೊಬೈಲಿನಲ್ಲಿ ಗಡಿಯಾರ, ಮೀಟರು, ಕ್ಯಾಮರಾಗಳಂಥ ಸಣ್ಣ ಸಾಧನಗಳಿಗಾಗಿ ಬೇರೆ ದರ್ಜೆಯನ್ನೇ ಮಾಡಿದ್ದಾರೆ. 2022ರಲ್ಲಿ ಮುಗಿದ ನಿಯಮಾವಳಿಯಲ್ಲಿ ಅದರ ಹೆಸರು ರೆಡ್‌ಕ್ಯಾಪ್, ಎಂದರೆ ಕಡಿಮೆ ಸಾಮರ್ಥ್ಯದ್ದು. ದೊಡ್ಡ ಫೋನು 100 ಮೆಗಾಹರ್ಟ್ಸ್ ಅಗಲದ ಹಾದಿ ಬಳಸಿದರೆ ಇದು 20ರಲ್ಲಿ ಸುಧಾರಿಸುತ್ತದೆ. ಅದಕ್ಕೆ ನಾಲ್ಕು ಆಂಟೆನಾ ಇದ್ದರೆ ಇದಕ್ಕೆ ಒಂದೋ ಎರಡೋ. ಅಗ್ಗ, ಬ್ಯಾಟರಿಯೂ ಹೆಚ್ಚು ಬಾಳುತ್ತದೆ. 2025ರಲ್ಲಿ ಬಂದ ಆ್ಯಪಲ್ ಗಡಿಯಾರಗಳಲ್ಲಿ ಈ ತಂತ್ರವಿದೆ. ಆದರೆ ಒಂದೇ ಆಂಟೆನಾದ ಸಾಧನಕ್ಕೆ ಅಷ್ಟೇ ಮಾಹಿತಿ ತಲುಪಿಸಲು ಟವರು ಹೆಚ್ಚು ಹೊತ್ತು ದುಡಿಯಬೇಕು. ಕಿವಿ ಮಂದವಾದವರಿಗೆ ಎರಡೆರಡು ಸಲ ಹೇಳಬೇಕಲ್ಲ, ಹಾಗೆ. ಹೀಗಾಗಿ ಟವರಿನ ಒಡೆಯರಿಗೆ ಒಂದು ಅಧಿಕಾರ ಕೊಟ್ಟಿದ್ದಾರೆ. ಪ್ರತಿ ಟವರೂ ಸದಾ ಸಾರುತ್ತಿರುವ ಪ್ರಕಟಣೆಯಲ್ಲಿ "ಒಂದು ಆಂಟೆನಾದವರಿಗೆ ಪ್ರವೇಶವಿಲ್ಲ", "ಎರಡರವರಿಗೂ ಇಲ್ಲ" ಎಂದು ಸೇರಿಸಬಹುದು. ಈ ದರ್ಜೆಯ ಬಗ್ಗೆ ಪ್ರಕಟಣೆಯಲ್ಲಿ ಏನೂ ಇಲ್ಲದಿದ್ದರೂ ಪ್ರವೇಶವಿಲ್ಲವೆಂದೇ ಅರ್ಥ.

"ಇರಲಿ, ಊಟಕ್ಕೆ ಕರೆಯಬೇಡಿ. ಹಾವು ಕಚ್ಚಿದರೆ?" ಎಂದೆ.

"ಅದೇ ಸಮಸ್ಯೆ" ಎಂದಳು. ಬೇರೆ ಕಂಪನಿಯ ಟವರಿನ ಜಗುಲಿಗೆ ಯಾರು ಬೇಕಾದರೂ ಹತ್ತಬಹುದು, ಆದರೆ ನಿರ್ಬಂಧ ಹಾಕಿದ ಟವರಿನ ಜಗುಲಿಯನ್ನೇ ಹತ್ತುವಂತಿಲ್ಲ. ಜಾತ್ರೆಯಲ್ಲಿ ಜನ ಹೆಚ್ಚಾದಾಗ ಟವರುಗಳು ಕರೆಗಳನ್ನು ಸರದಿಯ ಮೇಲೆ ತಡೆಯುವುದುಂಟು. ಆಗಲೂ ತುರ್ತು ಕರೆಗೆ ಬೇರೆ ವರ್ಗವಿದೆ, ಅದನ್ನು ಬಿಡಬಹುದು. ಈ ನಿರ್ಬಂಧ ಹಾಗಲ್ಲ, ಬಾಗಿಲಿಗೇ ಅಗುಳಿ. ಇಡೀ ಕಣಿವೆಯಲ್ಲಿ ಕೇಳಿಸುವ ಒಂದೇ ಟವರು ಅದಾಗಿದ್ದು, ಬಿದ್ದವರ ಕೈಯಲ್ಲಿ ಗಡಿಯಾರ ಮಾತ್ರ ಇದ್ದರೆ, ಟವರು ಎದುರಿಗಿದ್ದೂ ಇಲ್ಲದಂತೆ. ನಿಯಮ ಮಾಡುವವರ ಸಭೆಗಳಲ್ಲಿ ಇದು ಚರ್ಚೆಯಾಗಿ, ಮುಂದಿನ ನಿಯಮಾವಳಿಯಲ್ಲಿ, ಅದು 2024ರಲ್ಲಿ ಮುಗಿದದ್ದು, ಸಣ್ಣದೊಂದು ಪದ ಸೇರಿಸಿದ್ದಾರೆ. ಪ್ರವೇಶವಿಲ್ಲ ಎನ್ನುವ ಟವರು ಅದರ ಜೊತೆಗೇ "ತುರ್ತು ಕರೆಯಾದರೆ ಬನ್ನಿ" ಎಂದೂ ಸಾರಬಹುದು.

"ಸಾರಬಹುದು ಅಂದರೆ? ಸಾರಲೇಬೇಕು ಅಂತಲ್ಲವಾ?"

"ಬಹುದು" ಎಂದಳು ಮಗಳು. ಗಡಿಯಾರವನ್ನು ಮತ್ತೆ ಕಟ್ಟಿಕೊಂಡಳು.

ಕಟ್ಟಿನಹೊಳೆ ಮುಟ್ಟಿದಾಗ ಮೂರು ಗಂಟೆ. ಆಂಬುಲೆನ್ಸ್ ಬಂದು ನಿಂತಿತ್ತು. ತಲೆಯ ಗಾಯ ಮೇಲಿನದು, ಕಾಲಿನ ಎರಡು ಮೂಳೆ ಮುರಿದಿದ್ದವು ಎಂದು ಶಿವಮೊಗ್ಗದಲ್ಲಿ ತಿಳಿಯಿತು. ಈಗ ಪ್ಲೇಟು ಹಾಕಿ, ಕೋಲು ಹಿಡಿದು ಮೈದಾನಕ್ಕೆ ಬರುತ್ತಿದ್ದಾರೆ. ಪೀಪಿಯ ಸದ್ದು ಕಡಿಮೆಯಾಗಿಲ್ಲ.

ಆಂಬುಲೆನ್ಸ್ ಹತ್ತುವ ಮೊದಲು ಡ್ರೈವರು ನನ್ನನ್ನು ಪಕ್ಕಕ್ಕೆ ಕರೆದ. "ಮೇಲೆ ನೀವು ಒತ್ತಿದ್ದು ಯಾವ ನಂಬರು ಸಾರ್?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪಯ್ಯಂಗೆ ಎದೆನೋವು ಬಂದ ರಾತ್ರಿ ನಾನೂ ಮನೆ ಹಿಂದಿನ ಕಲ್ಲು ಹತ್ತಿ 108 ಒತ್ತಿದ್ದೆ. ನಾಲ್ಕು ವರ್ಷ ಆಯ್ತು. ಹೋಗ್ಲೇ ಇಲ್ಲ. ನೆಟ್‌ವರ್ಕ್ ಇಲ್ಲ ಅಂದ್ಕಂಡು ಜೀಪಲ್ಲೇ ಹೊರಟ್ವಿ. ಹೊಸನಗರ ಮುಟ್ಟಲಿಲ್ಲ." ಆಮೇಲೆ ಕೇಳಿದ: "112 ಒತ್ತಿದ್ರೆ ಹೋಗ್ತಿತ್ತಾ ಸಾರ್?"

ಮೂವತ್ತು ವರ್ಷ ಪ್ರಶ್ನೆ ಕೇಳಿದವನಿಗೆ ಉತ್ತರ ಬರಲಿಲ್ಲ. ಆಂಬುಲೆನ್ಸಿನವರು ಕರೆದರು, ಹತ್ತಿದೆ.

ಕಂಬಳಿ ನಮ್ಮ ಜೊತೆಗೇ ಬಂದುಬಿಟ್ಟಿತ್ತು. ತೊಳೆಸಿ, ಫೆಬ್ರವರಿಯ ಒಂದು ಭಾನುವಾರ ಕೊಡಲು ಹೋದೆ. ಅವನ ಮನೆಯ ಮುಂದೆ ಅಡಿಕೆ ಒಣಗುತ್ತಿತ್ತು. ಕಾಫಿಗೆ ಮೊದಲೇ, ನಾನು ಕೇಳದಿದ್ದರೂ, ಮನೆಯ ಹಿಂದಿನ ಕಲ್ಲಿಗೆ ಕರೆದುಕೊಂಡು ಹೋದ. ಆಳೆತ್ತರದ ಕರಿಕಲ್ಲು, ಹತ್ತಿ ಹತ್ತಿ ಮೆಟ್ಟಿಲಿನಂತೆ ಸವೆದಿದೆ. ಹತ್ತಿ ನಿಂತು ಫೋನು ತೆಗೆದೆ. ನಾಲ್ಕೂ ದಿಕ್ಕಿಗೆ ತಿರುಗಿಸಿದೆ. ಕೈ ಮೇಲಕ್ಕೆತ್ತಿ ಹಿಡಿದೆ. ತುಂಬ ಹೊತ್ತು ನೋಡಿದೆ.

"ಸೇವೆ ಇಲ್ಲ" ಎಂದು ಓದಿ ಹೇಳಿದೆ. "ಇಲ್ಲಿ ಯಾವ ಟವರೂ ಸಿಗೋದಿಲ್ಲಪ್ಪ. 112 ಒತ್ತಿದ್ದರೂ ಹೋಗುತ್ತಿರಲಿಲ್ಲ."

ನಾಲ್ಕು ವರ್ಷದಲ್ಲಿ ಟವರುಗಳು ಬದಲಾಗಿರಬಹುದು, ಒಂದು ಫೋನಿಗೆ ಕೇಳಿಸದ್ದು ಇನ್ನೊಂದಕ್ಕೆ ಕೇಳಿಸಿರಬಹುದು. ಅದನ್ನು ಹೇಳಲಿಲ್ಲ.

"ಹೌದಾ ಸಾರ್" ಎಂದ. ಕಲ್ಲಿನಿಂದ ಇಳಿಯಲು ನನಗೆ ಕೈ ಕೊಟ್ಟ. "ಬನ್ನಿ, ಕಾಫಿ ಆರ್ತದೆ."